ಹದಿಮೂರನೆಯ ಗರಿ

ಹಿರೋಳ್ಳಿಯ ನಿಂಬೆವ್ವನ ದೇವರ ಜಗಲಿಯ ಮೇಲೆ, ಬಸವಣ್ಣನ ಪಟದ ಪಕ್ಕ, ಕೆಂಪು ವಸ್ತ್ರದ ಕಟ್ಟೊಂದಿತ್ತು. ಒಳಗೆ ತಾಳೆಗರಿ. ಅತ್ತೆಯ ಅತ್ತೆಯ ಕಾಲದಿಂದ ಅದನ್ನು ಬಿಚ್ಚಿದವರಿಲ್ಲ, ಓದಿದವರಿಲ್ಲ. ಶ್ರಾವಣಕ್ಕೊಮ್ಮೆ ಹಳೆಯ ವಸ್ತ್ರದ ಮೇಲೆಯೇ ಹೊಸದು ಸುತ್ತಿ ವಿಭೂತಿ ಹಚ್ಚುವುದಷ್ಟೇ ಪದ್ಧತಿ.

ಹಳೆಯ ಜೈನ ಗ್ರಂಥಗಳನ್ನು ಹುಡುಕಿಕೊಂಡು ಕಡಗಂಚಿಯಿಂದ ವಿದ್ಯಾವತಿ ಎಂಬಾಕೆ ಮೂರು ಸಲ ಬಂದು ಬರಿಗೈಲಿ ಹೋಗಿದ್ದಳು. ನಾಲ್ಕನೆಯ ಸಲ ನಿಂಬೆವ್ವ ಕಟ್ಟು ತೋರಿಸಲು ಹೂಂ ಎಂದಳು. ಅನ್ನುವ ಮೊದಲೇ ಶಿವನ ಕ್ಷಮೆ ಬೇಡಿ ಕಟ್ಟು ಬಿಚ್ಚಿ, ನಡುವಿನದೊಂದು ಗರಿ ಎಳೆದು, ರೊಟ್ಟಿ ಬುಟ್ಟಿಯ ತಳದಲ್ಲಿ ಅಡಗಿಸಿಟ್ಟಿದ್ದಳು. ಕೈಕಾಲು ಊನವಾದ ದೇವರನ್ನು ಯಾರು ಹೊತ್ತೊಯ್ದಾರು? ಕಟ್ಟು ಹೋಯಿತೆಂದರೆ ಆಕೆಗೆ ಬೆಳಗು ಮುಂಜಾನೆ ಕೈಮುಗಿಯಲು ಏನಿದೆ?

ವಿದ್ಯಾವತಿ ಕೈಗೆ ಬಿಳಿ ಗವಸು ಏರಿಸಿದಳು.

"ಬೆರಳಿನ ಗುರ್ತು ಸಿಗಬಾರ್ದಂತ ಕಳ್ಳರು ಹಾಕ್ತಾರ ಅವನ್ನ," ಎಂದು ನಿಂಬೆವ್ವ ಸೊಸೆಯ ಕಿವಿಯಲ್ಲಿ ಉಸುರಿದಳು.

"ಟೀವಿ ಭಾಳ ನೋಡ್ತೀರಿ ಅತ್ತಿ," ಎಂದಳು ಸೊಸೆ ಸುನಿತಾ.

ವಿದ್ಯಾವತಿ ಮೊದಲನೆಯ ಗರಿ ಮುಟ್ಟದೆ ಕೊನೆಯದನ್ನೇ ಎತ್ತಿದಳು. ನಿಂಬೆವ್ವ ಹುಬ್ಬು ಗಂಟಿಕ್ಕಿದಳು. "ಹೊಲದ ಮ್ಯಾಲ ಕಣ್ಣಿಟ್ಟವ್ರು ಕಾಗದದ ಕಡೀ ಹಾಳಿ ಮೊದಲ ನೋಡ್ತಾರ. ನೀ ಯಾಕ ಹಂಗ ಮಾಡ್ತಿ ಬೇ?"

"ಬರೆದವ್ರ ಹೆಸರು ಕಡೀಗೇ ಇರ್ತದ್ರಿ ಅವ್ವಾರ. ಯಾರು ಬರೆದ್ರು, ಯಾರು ಬರೆಸಿದ್ರು ಗೊತ್ತಿಲ್ದ ಉಳಿದದ್ದನ್ನ ಹೆಂಗ ನಂಬೂದ್ರಿ?"

ಇವಳದೂ ನಂಬದೆ ನೋಡುವ ಕಸುಬೇ. ನಿಂಬೆವ್ವ ಇನ್ನಷ್ಟು ಹತ್ತಿರ ಸರಿದು ಕೂತಳು.

ವಿದ್ಯಾವತಿ ಮೊದಲಿನಿಂದ ಒಂದೊಂದೇ ಗರಿ ಓದಿ ಅರ್ಥ ಹೇಳತೊಡಗಿದಳು. ಒಬ್ಬ ಗಾಣಿಗ. ಎಳ್ಳಿನೊಳಗಿನ ಹುಳುವೂ ಜೀವವೇ ಎಂದು ಮುನಿಯೊಬ್ಬ ಹೇಳಿದ ಮೇಲೆ, ಚತುರ್ದಶಿಯಂದು ಗಾಣ ತಿರುಗಿಸುವುದಿಲ್ಲವೆಂದು ವ್ರತ ಹಿಡಿದವನು. ಚತುರ್ದಶಿಯಂದೇ ರಾಜನ ಮನೆಗೆ ಎಣ್ಣೆ ಬೇಕಾಯಿತು. ಭಟರು ಚಾವಟಿ ಎತ್ತಿದರು. ಗಾಣಿಗನ ಹೆಂಡತಿ ನೊಗದ ಬಳಿ ಹೋದಳು—

ವಿದ್ಯಾವತಿ ಓದು ನಿಲ್ಲಿಸಿದಳು. "ಹನ್ನೆರಡರ ಮುಂದ ಹದಿನಾಲ್ಕು ಬಂತ್ರಿ. ನಡುವಿಂದು ಇಲ್ಲ."

"ಹೋಗಿ ಏನ ಮಾಡಿದ್ಲು?"

"ಅದು ಇಲ್ಲದ ಗರಿಯೊಳಗ ಐತ್ರಿ. ಹದಿನಾಲ್ಕರಾಗ ಬ್ಯಾರೆ ಕತಿ."

"ನೀ ಓದಿದಾಕಿ. ಅಂದಾಜ ಹೇಳು."

"ಅಂದಾಜ ಹೇಳಾಂಗಿಲ್ರಿ ನಾ."

ನಿಂಬೆವ್ವ ಆಕೆಯ ಮುಖವನ್ನೇ ನೋಡಿದಳು. ಸುಳ್ಳು ಹೇಳಲು ಹೊರಟವಳಾದರೆ ಇಲ್ಲೇ ಒಂದು ಕತೆ ಕಟ್ಟುತ್ತಿದ್ದಳು. ಮುದುಕಿ ಎದ್ದು ಅಡುಗೆಮನೆಗೆ ಹೋಗಿ, ಸೆರಗಿನಲ್ಲಿ ರೊಟ್ಟಿಯ ಪುಡಿ ಒರೆಸಿ ಗರಿಯನ್ನು ತಂದಳು. ಒಂದು ತುದಿಯನ್ನು ಮಾತ್ರ ಬಿಡಲಿಲ್ಲ. "ಹಿಂಗs ಓದು."

ವಿದ್ಯಾವತಿ ಬಾಗಿ ಓದಿದಳು. ಹೆಂಡತಿ ನೊಗದ ಹಗ್ಗ ಬಿಚ್ಚಿ, ಚಾವಟಿಗೆ ತನ್ನ ಬೆನ್ನು ಕೊಟ್ಟು, 'ಇಂದಿನ ವ್ರತ ಎತ್ತಿನದೂ ಹೌದು' ಎಂದಳಂತೆ.

ನಿಂಬೆವ್ವನ ಕಣ್ಣು ಕಿರಿದಾದವು. ಸೋಮವಾರ ಬಸವಣ್ಣನ ದಿನವೆಂದು ಅವಳ ಮನೆಯವರು ಎತ್ತಿಗೆ ನೊಗ ಹೂಡಿದ್ದಿಲ್ಲ. "ಇದು ನಮ್ಮ ಮನಿ ಮಾತು. ನನ್ನ ಮೆಚ್ಚಿಸಾಕ ಹೇಳಾಕತ್ತಿಯೇನು?"

"ಬರೆದದ್ದು ಅಷ್ಟs ಐತ್ರಿ."

"ಅರ್ಥ ಬ್ಯಾಡ. ಇದ್ದಂಗ ಓದು. ಮತ್ತೊಮ್ಮಿ. ಇನ್ನೊಮ್ಮಿ."

ಮೂರು ಸಲವೂ ಅಕ್ಷರ ಕದಲಲಿಲ್ಲ. ಮೂರನೆಯ ಸಲಕ್ಕೆ ನಿಂಬೆವ್ವನ ತುಟಿಯೂ ಜೊತೆಗೆ ಆಡಿತು.

"ಚಿತ್ರ ತಗೊ," ಎಂದಳು ಕೊನೆಗೆ. "ಇಲ್ಲೇ ತಗೀಬೇಕು. ಕಟ್ಟು ಹೊಸ್ತಿಲ ದಾಟಂಗಿಲ್ಲ. ಸೋಮವಾರಕ್ಕೊಮ್ಮಿ ಬಂದು ಒಂದು ಕತಿ ಓದಿ ಹೋಗಬೇಕು."

ವಿದ್ಯಾವತಿ ತಲೆಯಾಡಿಸಿ ಮೊಬೈಲು ಹಿಡಿದಳು. ಹದಿಮೂರನೆಯ ಗರಿಯ ಚಿತ್ರದಲ್ಲಿ ಎಡತುದಿಯ ಎರಡಕ್ಷರ ಕಾಣುವುದಿಲ್ಲ. ಅಲ್ಲಿ ನಿಂಬೆವ್ವನ ಹೆಬ್ಬೆರಳಿದೆ.