ಬಡಿಸಿದವರ ತೂಕ

ಕನ್ನಡ ಸಂಘದ ಯುಗಾದಿ ಊಟಕ್ಕೆ ಬಡಿಸುವವರನ್ನು ಹುಡುಕುವುದೆಂದರೆ ಹರಸಾಹಸ. ತಿನ್ನಲು ಎಲ್ಲರೂ, ಸೌಟು ಹಿಡಿಯಲು ನಾಲ್ಕೇ ಮಂದಿ. ಈ ವರ್ಷ ಮಾತ್ರ ಹದಿನಾಲ್ಕು ಜನ ತಾವಾಗಿಯೇ ಮುಂದೆ ಬಂದರು. ಜರ್ಮನಿಯ ನ್ಯೂರೆಂಬರ್ಗಿನ ಬಾಡಿಗೆ ಸಭಾಂಗಣದ ಬಾಗಿಲಲ್ಲಿ ತೂಕದ ಯಂತ್ರ ಇಟ್ಟುಕೊಂಡು ಕೂತಿದ್ದ ಕೀರ್ತಿಗೆ, ನಮ್ಮ ಜನಕ್ಕೆ ಕೊನೆಗೂ ಬುದ್ಧಿ ಬಂತು ಅನ್ನಿಸಿತ್ತು.

ಕೀರ್ತಿ ವಾರಕ್ಕೆರಡು ದಿನ ರೈಲು ಹತ್ತಿ ಹೈಡೆಲ್‌ಬರ್ಗಿಗೆ ಹೋಗಿ ಪಿಎಚ್‌ಡಿ ಮಾಡುತ್ತಿದ್ದಳು. ಇಲ್ಲಿ ನೆಲೆಸಿದ ನಮ್ಮವರಲ್ಲಿ ಬೊಜ್ಜು ಇರುವವರೆಷ್ಟು ಎಂಬುದು ಅವಳ ವಿಷಯ. ಆ ದಿನ ಅರವತ್ತನಾಲ್ಕು ಜನ ಯಂತ್ರ ಹತ್ತಿ ಇಳಿದರು. ಎತ್ತರ, ತೂಕ ಸೇರಿಸಿ ಲೆಕ್ಕ ಹಾಕಿದರೆ ಬೊಜ್ಜಿನವರು ಬರೀ ಐದು. ಅಂದರೆ ನೂರಕ್ಕೆ ಎಂಟು. ಅವಳ ಮಾರ್ಗದರ್ಶಕಿ ಪ್ರೊಫೆಸರಮ್ಮ ಹಿಗ್ಗಿ ಹೀರೇಕಾಯಿಯಾದರು. ಬರುವ ಗುರುವಾರ ಸಮ್ಮೇಳನದಲ್ಲಿ ಕೀರ್ತಿಯೇ ಅದನ್ನು ಓದಬೇಕಿತ್ತು. ಅವಳ ಮೊದಲ ಪ್ರಬಂಧ, ಮೂರು ವರ್ಷ ಕಾದದ್ದು.

ಭಾನುವಾರ ಬೆಳಿಗ್ಗೆ ಅತ್ತೆ ವೆಂಕಟಲಕ್ಷ್ಮಮ್ಮ ಫೋನಿನಲ್ಲಿ ಯುಗಾದಿಯ ಫೋಟೋ ನೋಡುತ್ತಿದ್ದರು. ಮೂರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದವರು, ಆ ಊಟದಲ್ಲೂ ಇದ್ದವರು.

"ಅಲ್ವೇ ಕೀರ್ತಿ, ಬಡಿಸ್ತಿರೋರೆಲ್ಲ ಒಳ್ಳೇ ಗುಂಡುಗುಂಡಗಿದಾರೆ. ತೆಳ್ಳಗಿರೋರು ಕೂತು ತಿಂತಿದಾರೆ. ಇದ್ಯಾವ ನ್ಯಾಯ?"

ಕೀರ್ತಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಫೋಟೋದಲ್ಲಿ ಸಾರಿನ ಬಕೆಟ್ ಹಿಡಿದು ನಿಂತಿದ್ದವನು ಅವಳ ಗಂಡ ಗಿರಿಧರ್. ಮನೆಯಲ್ಲಿ ಕುಡಿದ ಲೋಟ ಎತ್ತಿಡದ ಮಹಾನುಭಾವ, ಅಲ್ಲಿ ಮೂರು ಪಂಕ್ತಿಗೂ ಬಡಿಸಿದ್ದ.

"ರೀ, ನಿಮ್ಮ ತೂಕ ನಾನು ಬರ್ಕೊಳ್ಲೇ ಇಲ್ವಲ್ಲ?"

"ಕೈಯಲ್ಲಿ ಬಕೆಟ್ ಇತ್ತಲ್ಲ."

"ಕೆಳಗಿಡಬಹುದಿತ್ತು."

ಗಿರಿಧರ್ ಕಾಫಿ ಲೋಟವನ್ನೇ ನೋಡಿದ. "ಇಡಬಾರ್ದು ಅಂತಾನೇ ಹಿಡ್ಕೊಂಡಿದ್ದು. ನೀನು ಮಿಷನ್ ತರ್ತೀಯ ಅಂತ ಸಂಘದ ಗ್ರೂಪಲ್ಲಿ ಹಾಕಿದ್ಯಲ್ಲ, ನಮ್ಮ ಸಂಘದ ಉದಯಕುಮಾರ ಆಗ್ಲೇ ಫೋನ್ ಮಾಡ್ದ. ಗುರು, ಸೌಟು ಹಿಡ್ದೋರನ್ನ ತೂಕಕ್ಕೆ ಯಾರೂ ಕರೆಯಲ್ಲ ಅಂದ. ಎಲ್ರ ಮುಂದೆ ಹೆಂಡ್ತೀನೇ ನನ್ನ ನಂಬರ್ ಓದೋದು ಅಂದ್ರೆ ಕಷ್ಟ ಕಣೇ."

ಕೀರ್ತಿ ಪಟ್ಟಿ ತೆಗೆದು ನೋಡಿದಳು, ಬಡಿಸಿದ ಹದಿನಾಲ್ಕು ಜನರಲ್ಲಿ ಒಬ್ಬರೂ ಅದರಲ್ಲಿರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಒಬ್ಬೊಬ್ಬರ ಅಂಕಿಯನ್ನೂ ಗಟ್ಟಿಯಾಗಿ ಓದಿ ಬರೆದುಕೊಂಡವಳು ಅವಳೇ. ಸಮ್ಮೇಳನದಲ್ಲಿ ನೂರಕ್ಕೆ ಎಂಟು ಎಂದೇ ಓದಿಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಗೊತ್ತಿದ್ದೂ ಓದಿದರೆ ಅದು ಸುಳ್ಳಾಗುತ್ತಿತ್ತು, ಅದು ಅವಳಿಂದ ಆಗದ ಕೆಲಸ.

ಅಂದಿನಿಂದ ಮೂರು ದಿನ ಗಂಡ ಹೆಂಡತಿ ಯಂತ್ರ ಹೊತ್ತುಕೊಂಡು ಯು-ಬಾನ್ ಮೆಟ್ರೊ ಹತ್ತಿ ಬಡಿಸಿದವರ ಮನೆಮನೆಗೆ ಹೋದರು. ಯಂತ್ರ ಬಚ್ಚಲುಮನೆಯಲ್ಲಿ, ಬಾಗಿಲು ಮುಚ್ಚಿ. ಎತ್ತರ, ತೂಕ ಅವರವರೇ ಚೀಟಿಯಲ್ಲಿ ಬರೆದು ಮಡಿಸಿ ಡಬ್ಬಿಗೆ ಹಾಕಬೇಕು, ಹೆಸರಿಲ್ಲ. ಮೊದಲ ಚೀಟಿ ಗಿರಿಧರನದು.

ಬುಧವಾರ ಬೆಳಿಗ್ಗೆ ಹದಿನಾಲ್ಕು ಚೀಟಿ ಬಿಚ್ಚಿದರೆ ಬೊಜ್ಜಿನವರು ಒಂಬತ್ತು. ಹಳೆಯ ಐದು ಸೇರಿ ಎಪ್ಪತ್ತೆಂಟರಲ್ಲಿ ಹದಿನಾಲ್ಕು. ನೂರಕ್ಕೆ ಎಂಟು ಇದ್ದದ್ದು ಹದಿನೆಂಟಾಯಿತು. ಪ್ರೊಫೆಸರಮ್ಮನಿಗೆ ಎಲ್ಲ ಬರೆದು ಕಳಿಸಿದಳು. ಸಂಜೆ ಉತ್ತರ ಬಂತು: ನಾಳಿನ ಸಮಯ ಬೇರೆಯವರಿಗೆ ಕೊಟ್ಟಿದ್ದೇನೆ, ಯಾರನ್ನೂ ಬಿಡದೆ ಎಣಿಸಿ ಮುಂದಿನ ವರ್ಷ ಬನ್ನಿ.

ಕೀರ್ತಿ ಅಡುಗೆಮನೆಯಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತಳು. ವೆಂಕಟಲಕ್ಷ್ಮಮ್ಮ ನೀರು ಕೊಟ್ಟರು.

"ಕೊನೆಗೆ ಎಷ್ಟು ಜನ ಆದ್ರು ಕಣೇ?"

"ಎಪ್ಪತ್ತೆಂಟು, ಅತ್ತೆ."

"ಮಕ್ಕಳು ಬಿಟ್ಟು ಎಪ್ಪತ್ತೊಂಬತ್ತು ಎಲೆ ಹಾಕಿದ್ರಲ್ಲ. ನಾನೇ ಎಣಿಸಿ ಕೊಟ್ಟಿದ್ದು."

ಕೀರ್ತಿ ಪೆನ್ಸಿಲ್ ಹಿಡಿದು ಪಟ್ಟಿಯಲ್ಲಿ ಒಬ್ಬೊಬ್ಬರನ್ನೂ ಎಣಿಸಿದಳು. ಉಂಡವರು, ಬಡಿಸಿದವರು, ಅತ್ತೆ, ಗಿರಿಧರ್. ಯಾರೂ ಬಿಟ್ಟುಹೋಗಿರಲಿಲ್ಲ. ಆಮೇಲೆ ಎಲ್ಲರ ತೂಕ ಬರೆದುಕೊಂಡಿದ್ದ ಆ ಪೆನ್ಸಿಲನ್ನು, ಅದನ್ನು ಹಿಡಿದ ತನ್ನ ಕೈಯನ್ನು ನೋಡಿಕೊಂಡಳು.

ಒಂದು ಚೀಟಿ ಹರಿದುಕೊಂಡು, ಯಂತ್ರ ಎತ್ತಿಕೊಂಡು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.