ಇಸಾಕಸಾಬನ ಗಂಟು

"ಆ ಸೋಡಾ ಎಷ್ಟ ಹಾಕ್ತೀರಿ?" ಎಂದು ದ್ರಾಕ್ಷಾಯಣಿ ಮೂರನೇ ಸಲ ಕೇಳಿದಾಗ ಸಮೀವುಲ್ಲಾನಿಗೆ ರೇಗಿತು. ಬೆಟಗೇರಿಯ ನೇಕಾರರ ನೂಲಿಗೆ ಮೂವತ್ತು ವರ್ಷ ಬಣ್ಣ ಹಾಕಿದವನಿಗೆ ಯಾರೂ ಹೀಗೆ ಪಾಠ ಹೇಳಿರಲಿಲ್ಲ.

ಶಿರಹಟ್ಟಿಯಿಂದ ಮೊದಲ ಬಸ್ಸಿಗೆ ಬಂದ ಈ ಹೆಂಗಸು ಹಳೆಯ ಮಿಲಿಟರಿ ಚೀಲವೊಂದನ್ನು ಮುಂದಿಟ್ಟು, ಮೇಲಿನ ಕಪ್ಪು ಬಣ್ಣ ತೆಗೆದು ಒಳಗಿನ ಖಾಕಿ ತೋರಿಸಬೇಕು ಅಂದಿದ್ದಳು. ಬಿಟ್ಟುಹೋಗಿ ಅಂದರೆ ಒಪ್ಪದೆ ಅಲ್ಲೇ ಕಲ್ಲಿನ ಮೇಲೆ ಕೂತಳು. ಎಲ್ಲಿ ಚೀಲ ಬದಲಾಯಿಸಿಬಿಡುತ್ತಾನೋ ಎಂಬ ಅನುಮಾನ ಅವಳ ಕಣ್ಣಲ್ಲೇ ಇತ್ತು. ಅವನಿಗೂ ಅವಳ ಮೇಲೆ ಅನುಮಾನವೇ. ಮಿಲಿಟರಿ ಸಾಮಾನಿಗೆ ಕಪ್ಪು ಹಾಕಿಸುವವನು ಕಳ್ಳನಲ್ಲದೆ ಇನ್ಯಾರು?

"ಯಾರದಿದು ಚೀಲ?"

"ನಮ್ಮಪ್ಪಂದು. ಕೊಟ್ರಪ್ಪ ಅಂತ. ಮಿಲಿಟರ್ಯಾಗ ಇದ್ರು."

"ಮತ್ತ ಕರೇ ಬಣ್ಣ ಯಾಕ?"

"ಲಕ್ಷ್ಮೇಶ್ವರ ಸಂತ್ಯಾಗ ಜನಾ ಅಪ್ಪನ್ನ ಹಿಡದು, ಎಲ್ಲಿ ಕದ್ದಿಲೇ ಅಂತ ಕೇಳಿದ್ರಂತ. ಅವತ್ತಿಂದ ಆ ಖಾಕಿ ಕಂಡ್ರ ಆಗ್ತಿರಲಿಲ್ಲ ಅವರಿಗೆ. ಈಗ ನಮ್ಮ ಕಾಕಾನ ಮಕ್ಕಳು, ನಿಮ್ಮಪ್ಪ ಫೌಜಿಗೇ ಹೋಗಿಲ್ಲ, ಪುಣೇದಾಗ ಹೋಟೆಲಿನ್ಯಾಗ ಕಪ್ಪು-ಬಸಿ ತೊಳದು ಬಂದ್ರು ಅಂತಾರ. ಚೀಲದ ಮ್ಯಾಲ ಹೆಸರು ಬರದಿರ್ತಾರಂತಲ್ರಿ, ಅದನ್ನ ನೋಡಬೇಕು."

"ಚಲೋ ಕಥಿ," ಅಂದ ಸಮೀವುಲ್ಲಾ. "ಕದ್ದ ಮಾಲಿಗೆ ಬಣ್ಣ ಹಾಕಿದಾವನೂ ಕಳ್ಳನ ಆಗ್ತಾನ, ಅಕ್ಕಾರ. ನಮ್ಮಪ್ಪ ಇಸಾಕಸಾಬ ಅಂಥಾದ್ದನ್ನ ಕೈಲೆ ಮುಟ್ಟಲಿಲ್ಲ."

ದ್ರಾಕ್ಷಾಯಣಿಯ ಮುಖ ಬಿಗಿಯಾಯಿತು. ಅವಳು ಒಲೆಯ ಮೇಲಿನ ಹಂಡೆಗೆ ಇನ್ನಷ್ಟು ಹತ್ತಿರ ಸರಿದು ಕೂತಳು.

ಅವನು ಬಿಸಿ ನೀರಿಗೆ ಸೋಡಾ, ಬಣ್ಣ ಕೀಳುವ ಹೈಡ್ರೋಸ್ ಪುಡಿ ಹಾಕಿ ಚೀಲ ಮುಳುಗಿಸಿದ. ನೀರು ಮಸಿಯಾಗಿ, ಆಮೇಲೆ ಕಂದಾಯಿತು. ಕೋಲಿನಿಂದ ಎತ್ತಿ ನೋಡುವಾಗ ಪಟ್ಟಿಯ ಬುಡದಲ್ಲಿ ಒಂದು ತುಂಡು ದಾರ ಕಂಡಿತು. ಮೂರು ಗಂಟು, ನಡುವಿನದು ಜೋಡಿ. ಬಣ್ಣಕ್ಕೆ ಬಂದ ಮಾಲು ಅದಲುಬದಲಾಗದಿರಲೆಂದು ಬಣ್ಣದವರು ಕಟ್ಟುವ ಗುರುತು ಅದು. ಒಂದೊಂದು ಮನೆಗೆ ಒಂದೊಂದು ಗಂಟು. ಇದು ಅವನ ಅಪ್ಪನ ಗಂಟು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ಈಗ ಅವನದಾಯಿತು. ಬೆನ್ನು ತಿರುಗಿಸಿ ದಾರ ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಚೀಲದ ಮೇಲೆ ಬೇರೆಯವರ ಹೆಸರು ಬಂದರೆ? ಅವಳಪ್ಪ ಕಳ್ಳ, ತನ್ನಪ್ಪ ಕಳ್ಳನ ಜೊತೆಗಾರ. ಇನ್ನೊಂದು ಸೌಟು ಸೋಡಾ ಬಿದ್ದರೆ ಬರೆದ ಅಕ್ಷರಗಳೂ ಕಿತ್ತುಹೋಗುತ್ತವೆ. ಯಾರ ಹೆಸರೂ ಉಳಿಯುವುದಿಲ್ಲ. ಸೌಟು ಕೈಗೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲ.

"ಸಾಕ್ರಿ, ಸಾಹೇಬ್ರ." ದ್ರಾಕ್ಷಾಯಣಿ ಎದ್ದು ನಿಂತಿದ್ದಳು. "ಇದಕ್ಕ ನೋಡ್ರಿ ನಾ ಇಲ್ಲೇ ಕುಂತಿದ್ದು."

ಅವನಿಗೆ ನಾಚಿಕೆಯಾಯಿತು. ಸೌಟು ಕೆಳಗಿಟ್ಟು, ಚೀಲವನ್ನು ತಣ್ಣೀರಿನಲ್ಲಿ ಜಾಲಿಸಿ ಕಲ್ಲಿನ ಮೇಲೆ ಹರವಿದ. ಖಾಕಿಯ ಮೇಲೆ ಅಲ್ಲಲ್ಲಿ ಕರಿ ಕಲೆ. ಮುಚ್ಚಳದ ಮೇಲೆ ಮಸುಕಾದ ಇಂಗ್ಲಿಷ್ ಅಕ್ಷರಗಳು. ಇಬ್ಬರೂ ಬಗ್ಗಿದರು. ಬೆಳಿಗ್ಗೆಯಿಂದ ಅವಳ ಕಳ್ಳತನ ಹಿಡಿಯಲು ಕಾದವನು ಈಗ ಕೊಟ್ರಪ್ಪನ ಹೆಸರೇ ಇರಲಪ್ಪ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ.

"ಕೆ... ಓ..." ಅವಳು ಅಕ್ಷರಗಳ ಮೇಲೆ ಬೆರಳಿಡುತ್ತ ಬಂದಳು. "ಟಿ... ಆರ್..." ಮುಂದೆ ಓದಲು ಅವಳಿಂದ ಆಗಲಿಲ್ಲ.

ಉಳಿದದ್ದನ್ನು ಸಮೀವುಲ್ಲಾ ಓದಿದ: ಕೊಟ್ರಪ್ಪ. ಆಮೇಲೆ ಜೇಬಿಗೆ ಕೈ ಹಾಕಿ ದಾರ ತೆಗೆದ. "ಇದೂ ನಿಮ್ಮ ಚೀಲದ್ದರಿ, ಅಕ್ಕಾರ. ನಾನ ಕತ್ತರಿಸಿದ್ದೆ. ಕಟ್ಟಿದಾವ ನಮ್ಮಪ್ಪ."

ಅವಳು ದಾರದ ಗಂಟುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಚೀಲದ ಪಟ್ಟಿಯನ್ನು ಅವನ ಕಡೆ ಸರಿಸಿದಳು. ಅವನು ಒದ್ದೆ ಪಟ್ಟಿಯ ಬುಡಕ್ಕೆ ದಾರ ಸುತ್ತಿ ಮೂರು ಗಂಟು ಹಾಕಿದ, ನಡುವಿನದು ಜೋಡಿ.