ಚೀಲದಲ್ಲಿ ಉಳಿದ ನೀರು

ಬೇಸಿಗೆ ಬಂತೆಂದರೆ ನಮ್ಮ ಕ್ಲಾರಾ ಕೆರೆಯ ದಂಡೆಯಲ್ಲಿ ಒಂದೇ ಜಗಳ. ದೋಣಿಗೆ ಭಾರ ಏನು ಹಾಕುವುದು, ಸೀಸವೋ ನೀರೋ? ಮಿನ್ನೆಸೋಟಾದ ಮಕ್ಕಳಿಗೆ ವೇಕ್‌ಬೋರ್ಡ್ ಹುಚ್ಚು. ದೋಣಿ ಹಗ್ಗ ಕಟ್ಟಿ ಎಳೆಯುತ್ತದೆ, ಹಲಗೆಯ ಮೇಲೆ ನಿಂತವರು ದೋಣಿಯ ಹಿಂದೆ ಏಳುವ ಅಲೆಯನ್ನು ಹಾರುತ್ತಾರೆ. ದೋಣಿ ಭಾರವಾದಷ್ಟೂ ಅಲೆ ದೊಡ್ಡದು. ಅದಕ್ಕೇ ಈ ತಲೆನೋವು.

ನನ್ನ ಗಂಡ ವೆಂಡೆಲ್ ನೀರಿನ ಪಕ್ಷ.

"ನೀರು ಪುಕ್ಕಟೆ ಸಿಗತ್ತೆ ಆರ್ಡಿಸ್. ಪಂಪ್ ಹಾಕಿದ್ರೆ ದೋಣಿಯೊಳಗಿನ ಚೀಲಕ್ಕೆ ಕೆರೆ ನೀರು ತುಂಬತ್ತೆ, ಸಾಕು ಅಂದ್ರೆ ಖಾಲಿ. ಸೀಸ ಹೊತ್ತು ಹೊತ್ತು ಇಳಿಸೋಕೆ ನನ್ನ ಸೊಂಟ ಏನು ಕಬ್ಬಿಣದ್ದಾ?" ಎನ್ನುತ್ತಿದ್ದ.

ಸೊಂಟದ ಮಾತು ಬಂದ ಮೇಲೆ ನಾನು ಸುಮ್ಮನಾಗುತ್ತಿದ್ದೆ. ಸುಮ್ಮನಾಗಬಾರದಿತ್ತು.

ಜುಲೈನಲ್ಲಿ ನಮ್ಮ ಮಗಳು ಬ್ರಿಟಾಗೆ ಪಂದ್ಯವಿತ್ತು, ಪಕ್ಕದ ಜಿಲ್ಲೆಯ ದೊಡ್ಡ ಕೆರೆಯಲ್ಲಿ. ಆ ಕೆರೆಗೆ ಪಟ್ಟೆ ಕಪ್ಪೆಚಿಪ್ಪು, ಅಂದರೆ ಹೊರಗಿನಿಂದ ಬಂದು ಕೆರೆಯಿಡೀ ಹಬ್ಬುವ ಪುಟ್ಟ ಚಿಪ್ಪು, ಬಿದ್ದು ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತು. ಪಂದ್ಯ ಮುಗಿಸಿ, ದೋಣಿಯನ್ನು ಟ್ರೇಲರ್ ಮೇಲೆ ಎಳೆದುಕೊಂಡು ನಮ್ಮ ಕೆರೆಯಲ್ಲಿ ದೋಣಿ ಇಳಿಸುವ ಇಳಿಜಾರಿಗೆ ಬಂದೆವು. ಅಲ್ಲಿ ಮಾರ್ಲಿಸ್ ನಿಂತಿದ್ದಳು. ನಮ್ಮ ನೆರೆಮನೆಯವಳು. ಕೆರೆ ಸಂಘದ ಪರವಾಗಿ ಬೇಸಿಗೆಯಿಡೀ ದೋಣಿ ತಪಾಸಣೆ ಮಾಡುತ್ತಾಳೆ.

"ಚೀಲ ಖಾಲಿ ಮಾಡಿದ್ಯಾ ವೆಂಡೆಲ್?"

"ಪಂಪ್ ಗಾಳಿ ಎಳೆಯೋವರೆಗೂ ಓಡಿಸ್ದೆ. ಏನೂ ಇಲ್ಲ ಅದ್ರಲ್ಲಿ."

"ಒಂದು ಮೂಲೆ ಎತ್ತು ನೋಡೋಣ."

ವೆಂಡೆಲ್ ನಗುತ್ತಲೇ ಎತ್ತಿದ. ಒಳಗೆ ಗುಳುಗುಳು ಎಂದಿತು. ಅವನ ನಗು ಅಲ್ಲಿಗೇ ನಿಂತಿತು. ಮಾರ್ಲಿಸ್ ಬಕೆಟ್ ಹಿಡಿದಳು, ಬಕೆಟ್ ತುಂಬಿತು. ಅದನ್ನು ಕೆರೆಯಿಂದ ದೂರ ಹುಲ್ಲಿನ ಮೇಲೆ ಸುರಿದು ಬಂದಳು.

"ಪಂಪ್ ಎಷ್ಟು ಎಳೆದ್ರೂ ಚೀಲದ ತಳದಲ್ಲಿ ನೀರು ಉಳಿಯತ್ತೆ ಕಣಪ್ಪ. ಅದ್ರಲ್ಲಿ ಚಿಪ್ಪಿನ ಮರಿ ಇರತ್ತೆ, ಕಣ್ಣಿಗೆ ಕಾಣಲ್ಲ. ಅಲ್ಲೇ ಯಾಕೆ ಮಗುಚಿ ಸುರೀಲಿಲ್ಲ?"

"ಹಿಂದೆ ದೋಣಿಗಳ ಸಾಲು ನಿಂತಿತ್ತು ಮಾರ್ಲಿಸ್. ಪಕ್ಕಕ್ಕೆ ಹಾಕೋಕೂ ಜಾಗ ಇರ್ಲಿಲ್ಲ. ಅಷ್ಟು ಜನರನ್ನ ಕಾಯಿಸೋದು ಚೆನ್ನಾಗಿರಲ್ಲ ಅಂತ ಬಂದ್ಬಿಟ್ಟೆ."

ಚೆನ್ನಾಗಿರಲ್ಲ. ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ನಮ್ಮ ಕಡೆಯವರ ಹಣೆಬರಹವೇ ಇದು. ತಟ್ಟೆಯಲ್ಲಿ ಉಳಿದ ಕೊನೆಯ ಕೇಕ್ ತುಂಡನ್ನು ಅರ್ಧ ಮಾಡಿ, ಆ ಅರ್ಧವನ್ನೂ ಅರ್ಧ ಮಾಡಿ, ಚೂರು ಉಳಿಸಿ ಏಳುವ ಜನ ನಾವು. ಯಾರನ್ನೂ ಕಾಯಿಸಬಾರದು, ಯಾರಿಗೂ ಬೇಡ ಎನ್ನಬಾರದು. ಗುರುತು ಪರಿಚಯ ಇಲ್ಲದವರ ಮುಂದೆ ಒಳ್ಳೆಯವನಾಗಲು ಹೋಗಿ ಸ್ವಂತ ಕೆರೆಗೆ ವಿಷ ತರುತ್ತಾನೆ ಈ ಮನುಷ್ಯ.

"ನಾನು ಹುಟ್ಟಿದ ಕೆರೆ ನೋಡಿದ್ದೀಯಲ್ಲ ಆರ್ಡಿಸ್," ಎಂದಳು ಮಾರ್ಲಿಸ್. "ನನ್ನ ಮೊಮ್ಮಕ್ಕಳು ಶೂ ಹಾಕ್ಕೊಂಡೇ ನೀರಿಗೆ ಇಳೀತಾರೆ. ತಳದಲ್ಲೆಲ್ಲ ಚಿಪ್ಪು, ಬ್ಲೇಡ್ ಇದ್ದ ಹಾಗೆ. ಒಂದ್ಸಲ ಬಂತು ಅಂದ್ರೆ ತೆಗೆಯೋಕೆ ಯಾರ ಕೈಲೂ ಆಗಲ್ಲ." ಆಮೇಲೆ ನನ್ನ ಗಂಡನ ಕಡೆ ತಿರುಗಿದಳು. "ಹೋದ ವಾರವೂ ಅಲ್ಲಿಗೆ ಹೋಗಿದ್ರಿ ಅಲ್ವಾ, ಅಭ್ಯಾಸಕ್ಕೆ? ಆವತ್ತು ನಾನಿರ್ಲಿಲ್ಲ."

ವೆಂಡೆಲ್ ಬಗ್ಗಿ ಚೀಲ ಮಡಚತೊಡಗಿದ. ಬ್ರಿಟಾ ಮೆಲ್ಲಗೆ, "ಆವತ್ತು ಇದೇ ಚೀಲ ಇತ್ತು. ಬಂದ ತಕ್ಷಣ ದೋಣೀನ ಇಲ್ಲಿ ಇಳಿಸಿ ಚೀಲ ತುಂಬಿಸಿದ್ವಿ, ಆಟ ಮುಗಿದ ಮೇಲೆ ಇಲ್ಲೇ ಖಾಲಿ ಮಾಡಿದ್ವಿ," ಎಂದಳು.

ಆಗ ನಾನು ಬಾಯಿ ಬಿಟ್ಟೆ. ಇಳಿಜಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ನೋಡಲಿ ಎಂದುಕೊಂಡೆ.

"ನಿನ್ನ ಮರ್ಯಾದೆಗೆ ಬೆಂಕಿ ಹಾಕ. ಇವಳು ಈಜು ಕಲಿತಿದ್ದು ಈ ನೀರಲ್ಲಿ. ಯಾರೋ ನಾಲ್ಕು ಜನ ಕಾಯ್ತಾರೆ ಅಂತ ಇದನ್ನ ಕೊಟ್ಬಿಟ್ಯಾ?"

ಆ ದಿನ ದೋಣಿ ನೀರಿಗೆ ಇಳಿಯಲಿಲ್ಲ. ಸಂಜೆ ಮಾರ್ಲಿಸ್ ನಮ್ಮ ಅಡುಗೆಮನೆಗೆ ಬಂದಳು. ವೆಂಡೆಲ್ ಕಾಫಿ ಬಗ್ಗಿಸಿಕೊಟ್ಟ. ಮುಖ ಮಾತ್ರ ಮೇಲೆತ್ತಲಿಲ್ಲ.

"ಹಾಗಾದ್ರೆ ಸೀಸಾನೇ ಒಳ್ಳೇದು ಅನ್ನು," ಎಂದ.

"ಹಾಗೆ ಕಣ್ಣು ಮುಚ್ಕೊಂಡು ಹೇಳಲ್ಲ. ದೋಣಿಗೆ ನೀರು ನುಗ್ಗಿದ್ರೆ ಚೀಲದಲ್ಲಿರೋ ನೀರು ದೋಣೀನ ಕೆಳಗೆ ಎಳೆಯಲ್ಲ, ನೀರೊಳಗೆ ನೀರಿಗೆ ಭಾರ ಇಲ್ಲ. ಸೀಸ ಎಳೆಯತ್ತೆ. ಸೀಸದ ಚೀಲ ಹರಿದು ಒಳಗಿರೋ ಸಣ್ಣ ಸಣ್ಣ ಗುಂಡು ಕೆರೆಗೆ ಬಿದ್ರೆ, ಲೂನ್ ಹಕ್ಕಿ ಕಲ್ಲು ಅಂತ ನುಂಗಿ ಸಾಯತ್ತೆ."

"ಅದೂ ಬೇಡ, ಇದೂ ಬೇಡ. ನಾನೇ ದೋಣೀಲಿ ಹಿಂದೆ ಮಲಗಿಬಿಡ್ಲಾ?"

"ಅಲೆ ಸಾಲಲ್ಲ," ಎಂದಳು ಬ್ರಿಟಾ. ನನಗೆ ನಗು ಬರಲಿಲ್ಲ.

ಮಾರ್ಲಿಸ್ ಬಿಡಿಸಿ ಹೇಳಿದಳು. "ಒಂದೇ ಕೆರೇಲಿ ಇರೋ ದೋಣಿಗೆ ನೀರು ಸಾಕು. ಊರೂರು ಸುತ್ತೋ ನಿಮ್ಮಂಥವರಿಗೆ ಸೀಸ. ಗಟ್ಟಿ ಹೊಲಿಗೆಯ ಚೀಲ ತಗೋ, ಜಾರದ ಹಾಗೆ ಕಟ್ಟು. ಜನ, ಸೀಸ ಎಲ್ಲ ಸೇರಿ ದೋಣಿ ಮೇಲೆ ಬರೆದಿರೋ ಭಾರ ಮೀರಬಾರದು. ದೋಣೀನ ಟ್ರೇಲರ್‌ಗೆ ಏರಿಸೋ ಮುಂಚೆ ಸೀಸ ಇಳಿಸು. ಮುಟ್ಟಿದ ಕೈ ತೊಳೀದೆ ತುತ್ತು ಬಾಯಿಗೆ ಇಡಬೇಡ. ಸೀಸ ಹಾಕಿದ್ದೀನಿ, ಪಾರಾದೆ ಅಂತಾನೂ ಅನ್ಕೋಬೇಡ. ದೋಣಿ ತಳದ ಬಿರಡೆ ತೆಗಿ, ಇರೋ ನೀರೆಲ್ಲ ಇಳಿಸು, ಒರೆಸು, ಚೆನ್ನಾಗಿ ಒಣಗಿಸು. ಆಮೇಲೇ ಇನ್ನೊಂದು ಕೆರೆ."

ನೀರಿನ ಚೀಲವನ್ನು ಒಣಗಿಸಿ ನಮ್ಮ ದೋಣಿಕಟ್ಟೆಯ ಪಕ್ಕದ ಶೆಡ್ಡಿಗೆ ಹಾಕಿದೆವು. ಇನ್ನು ಅದು ಕ್ಲಾರಾ ಕೆರೆ ಬಿಟ್ಟು ಎಲ್ಲೂ ಹೋಗುವುದಿಲ್ಲ. ಹೊರಗಿನ ಪಂದ್ಯಕ್ಕೆ ಸೀಸ.

ಆಗಸ್ಟಿನಲ್ಲಿ ಮತ್ತೆ ಅದೇ ದೊಡ್ಡ ಕೆರೆಗೆ ಹೋದೆವು. ಪಂದ್ಯ ಮುಗಿದ ಮೇಲೆ ವೆಂಡೆಲ್ ಸೀಸ ಇಳಿಸಿದ, ದೋಣಿಯನ್ನು ಮೇಲಕ್ಕೆ ಎಳೆದ, ದಾರಿಗೆ ಅಡ್ಡವಾಗಿಯೇ ನಿಲ್ಲಿಸಿ ಬಿರಡೆ ತೆಗೆದ. ಹಿಂದಿನಿಂದ ಒಬ್ಬ ಹಾರ್ನ್ ಹೊಡೆದ. ನಮ್ಮ ಕಡೆ ಹಾರ್ನ್ ಹೊಡೆಯುವುದೆಂದರೆ ಮುಖಕ್ಕೆ ಉಗಿದ ಹಾಗೆ. ವೆಂಡೆಲ್‌ನ ಕಿವಿ ಕೆಂಪಾಯಿತು.

"ಇನ್ನೂ ಎಷ್ಟೊತ್ತು?" ಎಂದು ಆ ಮನುಷ್ಯ ಕೂಗಿದ.

"ಕೊನೇ ಹನಿ ಇಳಿಯೋವರೆಗೂ," ಎಂದ ನನ್ನ ಗಂಡ, ಒರೆಸುವುದನ್ನು ನಿಲ್ಲಿಸದೆ.

ಹಾರ್ನ್ ಹೊಡೆದವನು ಬೈದುಕೊಂಡ. ಬೈದುಕೊಳ್ಳಲಿ.

ಈಗ ನಮ್ಮ ದೋಣಿಕಟ್ಟೆಯ ಕೆಳಗೆ, ನೀರಿನಲ್ಲಿ ಒಂದು ಹಂಚು ಇಳಿಬಿಟ್ಟಿದ್ದೇವೆ. ಕಪ್ಪೆಚಿಪ್ಪು ಬಂದಿದ್ದರೆ ಮೊದಲು ಅದಕ್ಕೇ ಕಚ್ಚಿಕೊಳ್ಳುತ್ತದೆ, ಮುಟ್ಟಿದರೆ ಮರಳು ಕಾಗದದ ಹಾಗೆ ತರಿತರಿ. ವೆಂಡೆಲ್ ಆಗಾಗ ಅದನ್ನು ಮೇಲೆತ್ತಿ, ಕಣ್ಣು ಮುಚ್ಚಿ ಬೆರಳಾಡಿಸುತ್ತಾನೆ. ಬ್ರಿಟಾ ಪಕ್ಕದಲ್ಲಿ ಬರಿಗಾಲಲ್ಲಿ ನಿಂತು ಅವನ ಮುಖ ನೋಡುತ್ತಾಳೆ. ಇಲ್ಲಿಯವರೆಗೆ ನುಣ್ಣಗಿದೆ. ಜುಲೈ ಪಂದ್ಯದ ಹಿಂದಿನ ವಾರ ಇಲ್ಲಿ ಖಾಲಿ ಮಾಡಿದ ಆ ನೀರು ಏನು ಮಾಡಿದೆಯೋ, ಇನ್ನೂ ಯಾರಿಗೂ ಗೊತ್ತಿಲ್ಲ.

ದೋಣಿ ಇರುವವರೇ, ಸೀಸ ಹಾಕುತ್ತೀರೋ ನೀರು ಹಾಕುತ್ತೀರೋ, ನಿಮ್ಮ ದೋಣಿ ಎಲ್ಲೆಲ್ಲಿ ಹೋಗುತ್ತದೆ ಎಂದು ನೋಡಿ ತೀರ್ಮಾನಿಸಿ. ಆದರೆ ಒಂದು ಕೆರೆಯ ನೀರನ್ನು ಇನ್ನೊಂದಕ್ಕೆ ತರಬೇಡಿ. ಹಿಂದೆ ಸಾಲು ನಿಂತಿದ್ದರೆ ನಿಂತಿರಲಿ. ನಿಮ್ಮ ಮುಂದಿನವನು ಚೀಲ ಬಗ್ಗಿಸದೆ ಹೊರಟರೆ ತಡೆದು ಕೇಳಿ. ಅವನಿಗೆ ಬೇಜಾರಾಗುತ್ತದೆ, ಆಗಲಿ. ನಮ್ಮ ಹಾಗೆ ಹಂಚು ಮುಟ್ಟಿ ಮುಟ್ಟಿ ನೋಡುವ ಗತಿ ನಿಮಗೆ ಬರುವುದು ಬೇಡ.